ಜೀಪಿನ ಬಾನೆಟ್ ಮೇಲೆ ಹಾಕಿದ ಸಹಿ

ಎರಡನೇ ಲಾಕ್‌ಡೌನ್ ಮುಗಿದು ವರ್ಷವಾಗಿತ್ತು. ಆಗ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯೊಂದರ ಒಡತಿ, ಜೊತೆಗೆ ಅಲ್ಲಿನ ಉದ್ಯಮಿಗಳ ಸಂಘವೊಂದರ ಜಂಟಿ ಕಾರ್ಯದರ್ಶಿ. ಇಪ್ಪತ್ತೆರಡು ಜನ ಕೆಲಸಗಾರರು, ಮೂರು ಮಷೀನು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ನಡೆಸಿದ್ದೆ ಎಂಬ ಜಂಬವೂ ಇತ್ತು. ಈಗ ಸಭೆಗಳಲ್ಲಿ ನನ್ನನ್ನು ‘ರಾಜಕೀಯ ಕೈದಿಗಳ ಪರ ಹೋರಾಡುವವರು’ ಎಂದು ಪರಿಚಯಿಸುತ್ತಾರೆ. ಕೇಳಿದಾಗಲೆಲ್ಲ ಮುಜುಗರವಾಗುತ್ತದೆ. ನನ್ನನ್ನು ಈ ಕೆಲಸಕ್ಕೆ ತಂದದ್ದು ನಾನೇ ಹಾಕಿದ ಒಂದು ಸುಳ್ಳು ಸಹಿ.

ಒಂದು ಗುರುವಾರ ಬೆಳಿಗ್ಗೆ ಗೇಟಿನ ಬಳಿ ಲಾರಿಗೆ ಪೆಟ್ಟಿಗೆ ಲೋಡ್ ಮಾಡಿಸುತ್ತಿದ್ದೆ. ಪೊಲೀಸ್ ಜೀಪು ಬಂದು ನಿಂತಿತು. ಸಬ್‌ಇನ್ಸ್‌ಪೆಕ್ಟರ್ ಪರಿಚಯದವರೇ, ಸಂಘದ ಆಯುಧಪೂಜೆಗೆ ಬಂದು ಹೋಗುತ್ತಿದ್ದವರು. “ಮೇಡಂ, ಹೆಂಗಸಿನ ಕೇಸು. ಲೇಡಿ ಪಂಚರು ಬೇಕು. ಒಂದು ಸೈನ್ ಅಷ್ಟೆ” ಎಂದರು.

ಇದನ್ನು ಒಸಿ ಬಿಡಿಸಿ ಹೇಳಬೇಕು. ಪೊಲೀಸರು ಒಂದು ಮನೆಯನ್ನು ಶೋಧಿಸಿ ಏನಾದರೂ ವಶಪಡಿಸಿಕೊಂಡರೆ, ಅಲ್ಲೇ ನಿಂತು ಕಣ್ಣಾರೆ ಕಂಡ ಇಬ್ಬರು ಸಹಿ ಹಾಕಬೇಕು. ಆ ಬರಹಕ್ಕೆ ಮಹಜರು ಎನ್ನುತ್ತಾರೆ, ಸಹಿ ಹಾಕುವವರಿಗೆ ಪಂಚರು. ನಾನು ಯಾವ ಮನೆಗೂ ಹೋಗಿರಲಿಲ್ಲ. ಏನನ್ನೂ ಕಂಡಿರಲಿಲ್ಲ. ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು, ಒಂದು ಕಣ್ಣು ಲಾರಿಯ ಮೇಲಿಟ್ಟು, ಮೂರು ಕಡೆ ಸಹಿ ಗೀಚಿದೆ. ಅವರು ಥ್ಯಾಂಕ್ಸ್ ಹೇಳಿದರು. ಕಾಫಿ ಕುಡಿದು ಹೋಗಿ ಅಂತಲೂ ಕರೆದೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಆ ಹೆಂಗಸು ಯಾರೆಂದು ಮಾರನೇ ದಿನ ಪೇಪರಿನಲ್ಲಿ ನೋಡಿದೆ. ಹೊನ್ನಮ್ಮ, ಮರಳವಾಡಿ ಕಡೆಯ ಹಳ್ಳಿಯವಳು, ಕುರಿ ಸಾಕುವವಳು. ಕುರಿ ಮೇಯುವ ಗೋಮಾಳ ಕಾರ್ಖಾನೆಗಳ ಪಾಲಾಗುತ್ತದೆಂದು ಊರ ಹೆಂಗಸರನ್ನು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಲವತ್ತು ದಿನ ಧರಣಿ ಕೂತಿದ್ದಳು. ಕಾರಿನ ಗಾಜು ಏರಿಸಿಕೊಂಡು ದಿನಾ ಅವರ ಮುಂದೆಯೇ ಹಾದುಹೋಗಿದ್ದೆ. ಲಾರಿ ತಡವಾದಾಗ ಬೈದುಕೊಂಡದ್ದೂ ಉಂಟು. ಈಗ ಅವಳ ಮೇಲೆ ದೇಶದ ವಿರುದ್ಧ ಸಂಚು ಎಂಬ ಆರೋಪ. ಜಾಮೀನು ಅಷ್ಟು ಸುಲಭಕ್ಕೆ ಸಿಗದ ಕಾನೂನು. ‘ಅಬ್ಬಾ, ಇಂಥವಳಾ’ ಎಂದುಕೊಂಡು ಪೇಪರ್ ಮಡಚಿಟ್ಟೆ.

ಸುಮಾರು ಒಂದು ವರ್ಷದ ನಂತರ ಬೆಂಗಳೂರಿನ ವಿಶೇಷ ನ್ಯಾಯಾಲಯದಿಂದ ನನಗೆ ಸಮನ್ಸ್ ಬಂತು. ಸಾಕ್ಷಿ ಹೇಳುವ ಮುನ್ನ ನೆನಪು ಮಾಡಿಕೊಳ್ಳಲಿ ಎಂದು ಸರ್ಕಾರಿ ವಕೀಲರ ಕಚೇರಿಯಲ್ಲಿ ಮಹಜರನ್ನು ತೋರಿಸಿದರು. ನಾನು ಸಹಿ ಹಾಕಿದ್ದನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ. ‘ನಮ್ಮ ಸಮಕ್ಷಮದಲ್ಲಿ ಆರೋಪಿಯ ಮನೆಯ ಅಟ್ಟದಿಂದ ಹದಿಮೂರು ನಿಷೇಧಿತ ಪುಸ್ತಕ, ಎರಡು ಕಟ್ಟು ಕರಪತ್ರ’ ಎಂದಿತ್ತು. ಕೆಳಗೆ ನನ್ನ ಸಹಿ, ಎಷ್ಟು ದುಂಡಗೆ, ಎಷ್ಟು ಧೈರ್ಯವಾಗಿ.

ಅಲ್ಲಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ವಿಚಾರಿಸಿಕೊಂಡು ಸೀದಾ ಆ ಹಳ್ಳಿಗೆ ಹೋದೆ. ಹೊನ್ನಮ್ಮನ ಗಂಡ ಬೀರಯ್ಯ ಜಗಲಿಯಲ್ಲಿ ಕೂತಿದ್ದ. ಮನೆ ನೋಡಬೇಕು ಎಂದೆ. ಯಾರು ಏನು ಎಂದು ಕೇಳದೆ ಒಳಗೆ ಕರೆದ. ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು.

“ಅಟ್ಟ ಎಲ್ಲಿದೆ?” ಎಂದೆ.

“ಶೀಟ್ ಮನೆಗೆ ಅಟ್ಟ ಎಲ್ಲಿಂದ ಬತ್ತದವ್ವ? ಪುಸ್ಕ ಸಿಕ್ತು ಅಂತ ಬರ್ದವ್ರಂತೆ. ನಮ್ಮನೇಲಿ ಓದೋರೇ ಇಲ್ಲ. ಯಾವಳೋ ಪುಣ್ಯಾತ್ಗಿತ್ತಿ ನೋಡ್ದೆ ಅಂತ ಸೈನ್ ಬೇರೆ ಹಾಕವ್ಳಂತೆ.”

ಆ ಪುಣ್ಯಾತಗಿತ್ತಿ ನಾನೇ ಎಂದು ಹೇಳಿಕೊಳ್ಳಲಿಲ್ಲ. ಅವನು ಮಜ್ಜಿಗೆ ಕೊಟ್ಟ, ಕುಡಿದೆ. ನೋಡಿಕೊಳ್ಳಲು ಒಬ್ಬನ ಕೈಲಾಗದೆ ಅರ್ಧ ಕುರಿ ಮಾರಿದ್ದನ್ನು ಹೇಳಿದ, ಕೇಳಿದೆ. ಕಾರಿಗೆ ಬಂದು ಸ್ಟಿಯರಿಂಗ್ ಹಿಡಿದು ಅತ್ತೆ. ಅಳುವುದಕ್ಕೂ ನಾಚಿಕೆಯಾಯಿತು.

ಸಂಘದ ಅಧ್ಯಕ್ಷರು ನನಗೆ ಅಣ್ಣನ ಹಾಗಿದ್ದವರು. ಅವರಿಗೆ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. “ನೋಡಮ್ಮಾ, ನಮ್ಮ ಗೇಟ್ ಮುಂದೆ ಕೂತೋಳು ಅವ್ಳು. ನೀನ್ಯಾಕೆ ಇಲ್ಲದ್ದನ್ನ ತಲೆ ಮೇಲೆ ಹಾಕ್ಕೋತೀಯಾ? ನೋಡ್ದೆ ಅಂತ ಹೇಳು, ಎರಡು ನಿಮಿಷದ ಕೆಲ್ಸ” ಎಂದರು. ನನ್ನದೇ ವಕೀಲರು, ಸುಳ್ಳು ಮಹಜರಿಗೆ ಸಹಿ ಹಾಕಿದ್ದು ಒಪ್ಪಿಕೊಂಡರೆ ನಿಮ್ಮ ಮೇಲೂ ಕೇಸು ಬರಬಹುದು ಎಂದರು. ಮಹಜರಿಗೆ ಸಹಿ ಹಾಕಿದ್ದ ಇನ್ನೊಬ್ಬ ಪಂಚರು ಕೊಟ್ಟ ವಿಳಾಸದಲ್ಲಿ ಸಿಕ್ಕಿರಲಿಲ್ಲ. ಹಾಗಾಗಿ ಹೊನ್ನಮ್ಮ ಒಳಗಿರುವುದೂ ಹೊರಗೆ ಬರುವುದೂ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಸಾಕ್ಷಿ ಕಟ್ಟೆ ಹತ್ತಿದೆ. ಮನೆಗೆ ಹೋಗಿಲ್ಲ, ಪುಸ್ತಕ ನೋಡಿಲ್ಲ, ಕಾರ್ಖಾನೆಯ ಗೇಟಿನಲ್ಲಿ ಸಹಿ ಹಾಕಿದೆ ಎಂದೆ. ಸರ್ಕಾರಿ ವಕೀಲರು ತಕ್ಷಣ ನನ್ನನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಪರಿಗಣಿಸಲು ಕೋರಿದರು. ಎಂದರೆ, ತಾವೇ ಕರೆತಂದ ಸಾಕ್ಷಿ ತಮ್ಮ ವಿರುದ್ಧ ತಿರುಗಿದ್ದಾಳೆ ಎಂದು. ಎಷ್ಟು ಹಣ ಸಿಕ್ಕಿತು, ಯಾರು ಹೆದರಿಸಿದರು ಎಂದು ಮುಕ್ಕಾಲು ಗಂಟೆ ಕೇಳಿದರು. ಕೊನೆಗೆ ನ್ಯಾಯಾಧೀಶರು, “ಓದದೆ ಏಕೆ ಸಹಿ ಹಾಕಿದಿರಿ?” ಎಂದರು.

“ಲಾರಿ ಲೋಡ್ ಆಗ್ತಿತ್ತು ಸ್ವಾಮಿ” ಎಂದೆ. ಹಿಂದೆ ಯಾರೋ ನಕ್ಕರು.

ಹೊರಗೆ ಕಾರಿಡಾರಿನಲ್ಲಿ ಮಹಿಳಾ ಪೊಲೀಸರ ನಡುವೆ ಹೊನ್ನಮ್ಮ ಬೆಂಚಿನ ಮೇಲೆ ಕೂತಿದ್ದಳು. ಸಣಕಲು ದೇಹ, ಎಣ್ಣೆ ಕಾಣದ ತಲೆ. ತಪ್ಪಾಯಿತು ಎಂದು ಕೈ ಮುಗಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಂಗೆ ಓದಕ್ಕೆ ಬರಕಿಲ್ಲ ಕಣಮ್ಮ. ಆದ್ರೂ ಇನ್ನೊಬ್ರ ಕೈಲಿ ಓದ್ಸಿ ಕೇಳ್ದೆ ಯಾವತ್ತೂ ಹೆಬ್ಬೆಟ್ಟು ಒತ್ತಿಲ್ಲ.”

ಇಷ್ಟು ಹೇಳಿ ಮುಖ ತಿರುಗಿಸಿದಳು. ನಲವತ್ತು ವರ್ಷ ಓದು ಬರಹ ಬಲ್ಲವಳೆಂದು ಮೆರೆದ ನನ್ನ ಮುಖಕ್ಕೆ ಹೊಡೆದ ಹಾಗಾಯಿತು.

ಅಲ್ಲಿಂದಾಚೆ ನನ್ನ ಸುತ್ತ ಜಾಗ ಖಾಲಿಯಾಗುತ್ತ ಹೋಯಿತು. ಯಾರೂ ಜಗಳ ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಸಂಘದ ವಾಟ್ಸಾಪ್ ಗುಂಪಿನಿಂದ ತೆಗೆದರು. ಇಬ್ಬರು ಹಳೆಯ ಗಿರಾಕಿಗಳು ಪೆಟ್ಟಿಗೆಗೆ ಬೇರೆಯವರನ್ನು ಹಿಡಿದರು. ಮಧ್ಯಾಹ್ನದ ಊಟಕ್ಕೆ ಪಕ್ಕದ ಯೂನಿಟ್ಟಿನ ಗೆಳತಿ ತನ್ನ ಕ್ಯಾರಿಯರ್ ತರುತ್ತಿದ್ದಳು, ಬರುವುದು ನಿಲ್ಲಿಸಿದಳು. ಒಂದು ವಾರ ಎರಡು ತಟ್ಟೆ ಇಟ್ಟು ಕಾದೆ, ಆಮೇಲೆ ಒಂದನ್ನೇ ಇಟ್ಟೆ. ಹಳ್ಳಿಯ ಕಡೆಯಿಂದಲೂ ಯಾರೂ ಹತ್ತಿರ ಬರಲಿಲ್ಲ. ಬೀರಯ್ಯನಿಗೆ ಅಷ್ಟರಲ್ಲಿ ನಾನು ಯಾರೆಂದು ತಿಳಿದಿತ್ತು. ಎದುರಾದರೆ ತಲೆ ತಗ್ಗಿಸಿ ದಾಟಿಹೋಗುತ್ತಿದ್ದ. ಇತ್ತ ದ್ರೋಹಿ, ಅತ್ತ ಪಾಪಿ.

ನನ್ನ ಸಾಕ್ಷಿ ಮುಗಿದಿದ್ದರಿಂದ ಜೈಲಿಗೆ ಹೋಗಿ ಹೊನ್ನಮ್ಮನನ್ನು ನೋಡಲು ಅಡ್ಡಿಯಿಲ್ಲ ಎಂದು ಅವಳ ವಕೀಲರು ಹೇಳಿದರು. ಸೋಮವಾರ ಸೋಮವಾರ ಹೋಗತೊಡಗಿದೆ. ಮೊದಲ ನಾಲ್ಕು ವಾರ ಹೊನ್ನಮ್ಮ ಬರಲಿಲ್ಲ. ಸಂದರ್ಶಕರ ಬೆಂಚಿನಲ್ಲಿ ಕಾದು ಕಾದು ವಾಪಸು ಬಂದೆ. ಐದನೇ ವಾರ ಬಂದಳು. ಜಾಲರಿಯ ಆಚೆ ನಿಂತು ಕುರಿಗಳ ಬಗ್ಗೆ ಕೇಳಿದಳು. ನನಗೇನು ಗೊತ್ತು? ಮುಂದಿನ ವಾರ ಹಳ್ಳಿಗೆ ಹೋಗಿ ದೂರದಿಂದ ಎಣಿಸಿಕೊಂಡು ಬಂದು ಹೇಳಿದೆ. ಯಾವುದು ಕುಂಟುತ್ತಿದೆ, ಯಾವುದು ಈದಿದೆ ಎಂದು ಹೇಳುವಷ್ಟು ಕ್ರಮೇಣ ಕಲಿತೆ. ನಮ್ಮಿಬ್ಬರ ನಡುವೆ ಬೇರೆ ಮಾತು ಇರಲಿಲ್ಲ.

ಬಂಧನವಾಗಿ ಹತ್ತೊಂಬತ್ತು ತಿಂಗಳಿಗೆ ತೀರ್ಪು ಬಂತು, ಖುಲಾಸೆ. ನನ್ನ ಸಾಕ್ಷಿಯ ಬಗ್ಗೆ ತೀರ್ಪಿನಲ್ಲಿ ಒಂದು ಪ್ಯಾರಾ ಇತ್ತು, ನನ್ನ ಬೇಜವಾಬ್ದಾರಿಯ ಬಗ್ಗೆ ಇನ್ನೊಂದು, ನನ್ನ ಮೇಲೆ ಕೇಸು ಹಾಕಿ ಎನ್ನುವಷ್ಟಕ್ಕೆ ಮಾತ್ರ ಹೋಗಿರಲಿಲ್ಲ. ಎರಡೂ ಸರಿಯಾಗಿಯೇ ಇದ್ದವು.

ಮರುದಿನ ಸಂಜೆ ಜೈಲಿನ ಗೇಟಿಗೆ ಹೋದೆ. ಬೀರಯ್ಯ ಆಟೋ ತಂದಿದ್ದ. ಹೊನ್ನಮ್ಮ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಬಂದಳು. ಗಂಡನ ಕೈ ಹಿಡಿದುಕೊಂಡಳು. ನಾನು ದೂರದಲ್ಲಿದ್ದೆ. ಕರೆಯಲಿ ಎಂದು ಒಳಗೊಳಗೇ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಆಟೋ ಹತ್ತಿದವಳು ನನ್ನತ್ತ ಕೈ ಮಾಡಿದಳು. ಓಡಿದ ಹಾಗೆ ಹೋದೆ.

“ಒಳ್ಗೆ ನಮ್ಮ ಬ್ಯಾರಕ್‌ನಲ್ಲಿ ರಾಯಚೂರು ಕಡೆ ಹುಡ್ಗಿ ಒಬ್ಳು ಅವ್ಳೆ. ಅವ್ಳೂ ಭಾಷ್ಣ ಮಾಡಿ ಬಂದೋಳೇ. ಎಲ್ಡು ವರ್ಸಾಯ್ತು, ನೋಡಕ್ಕೆ ಒಬ್ರೂ ಬಂದಿಲ್ಲ. ಸೋಮ್ವಾರ ಗೇಟಲ್ಲಿ ನನ್ ಬದ್ಲು ಅವ್ಳ ಹೆಸ್ರು ಬರ್ಸಿ.”

ಆಟೋ ಹೋಯಿತು. ಅವಳು ಥ್ಯಾಂಕ್ಸ್ ಅನ್ನಲಿಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ.

ಆಮೇಲೆ ಕಾರ್ಖಾನೆಯನ್ನು ಮೇಲ್ವಿಚಾರಕರ ಕೈಗೆ ಬಿಟ್ಟೆ. ಆ ಹುಡುಗಿಯಿಂದ ಶುರುವಾದದ್ದು ಇವತ್ತಿಗೆ ಒಂಬತ್ತು ಜನರ ಕೇಸುಗಳವರೆಗೆ ಬಂದಿದೆ. ಅರ್ಜಿ ಬರೆಯುತ್ತೇನೆ, ವಕೀಲರನ್ನು ಹುಡುಕುತ್ತೇನೆ, ಮಹಜರಿನ ಪ್ರತಿ ಸಾಲನ್ನೂ ಊರಿಗೆ ಹೋಗಿ ನೋಡಿ ಬರುತ್ತೇನೆ. ಇದರಲ್ಲಿ ನನಗೆ ತಿಳಿದದ್ದು ಇಷ್ಟು: ಮಾಡಿದ ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಯಾರೂ ನಮ್ಮವರಾಗುವುದಿಲ್ಲ, ಹಾಗೆಂದು ಕೆಲಸ ನಿಲ್ಲಿಸುವಂತಿಲ್ಲ. ಹೊನ್ನಮ್ಮ ಇವತ್ತಿಗೂ ನನ್ನನ್ನು ಮನೆಗೆ ಕರೆದಿಲ್ಲ. ಆದರೆ ಜೈಲಿನೊಳಗೆ ಇಂಥ ಕೇಸಿನ ಹೊಸಬರು ಯಾರಾದರೂ ಬಂದರೆಂದು ಜೊತೆಗಿದ್ದವರಿಂದ ಕಿವಿಗೆ ಬಿದ್ದರೆ, ಯಾರದೋ ಫೋನಿನಿಂದ ಮೊದಲು ನನಗೇ ಹೇಳುತ್ತಾಳೆ. ಹೆಸರು, ಊರು, ಬ್ಯಾರಕ್ ನಂಬರು. ಮೂರೂ ಹೇಳಿ ಫೋನ್ ಇಟ್ಟುಬಿಡುತ್ತಾಳೆ.