ಓಣಿಗೆ ಕಾಣುತ್ತಿದ್ದ ಎಲ್ಬೋ

ನಾನು ಚಿಕ್ಕವನಿದ್ದಾಗ ನಳದ ಪೈಪು ಗೋಡೆಯ ಹೊರಗೇ ಇರುತ್ತಿತ್ತು, ಮಕ್ಕಳೇ. ಕೋಗಳಿಯ ನಮ್ಮ ಓಣಿಗೆ ನಳ ಬಂದ ವರ್ಷ ನಾನು ಶಾಲೆ ಬಿಟ್ಟು ಅಪ್ಪನ ಜೊತೆ ಹೊಲದ ಕೆಲಸಕ್ಕೆ ಇಳಿದಿದ್ದೆ. ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದುದರಿಂದ ಸೇರಿ ಒಂದೇ ನಳ ಸಿಕ್ಕಿತ್ತು. ಅಜ್ಜಿ ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ.

ಕೊಟ್ಟೂರಿನಿಂದ ಬಂದ ಪೈಪಿನ ಮಿಸ್ತ್ರಿ ನಮ್ಮ ಕಟ್ಟೆಯ ಮೇಲೆ ಚೀಲ ಸುರುವಿ, ಅಂಗಡಿಯಿಂದ ಏನೇನು ತರಬೇಕೆಂದು ತೋರಿಸಿದ. ಕಬ್ಬಿಣ, ಎಣ್ಣೆ ಕೂಡಿದ ವಾಸನೆ ಎದ್ದಿತು. ಎರಡು ಪೈಪನ್ನು ನೆಟ್ಟಗೆ ಕೂಡಿಸುವುದು ಕಪ್ಲಿಂಗ್. ಮೊಳಕೈಯಂತೆ ಬಾಗಿ ನೀರನ್ನು ಒಂದೇ ಕಡೆಗೆ ತಿರುಗಿಸುವುದು ಎಲ್ಬೋ. ಮೂರು ಬಾಯಿಯದು ಟೀ. ಬಂದ ನೀರನ್ನು ಎರಡು ಕಡೆಗೆ ಹಂಚುತ್ತದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಹೆಸರು ಬಾಯಿಪಾಠ ಮಾಡಿದೆ. ಎರಡು ಬಾಗಿಲ ನಡುವೆ ಟೀ ಹಾಕಿದರೆ ಇಬ್ಬರಿಗೂ ನೀರು ಎಂದು ಮಿಸ್ತ್ರಿ ಹೇಳಿದ.

ಆಗ ಅಪ್ಪನಿಗೂ ದೊಡ್ಡಪ್ಪನಿಗೂ ಕೊಟ್ಟಿಗೆಯ ಗಂಜಲ ಹರಿಯುವ ವಿಚಾರಕ್ಕೆ ಮಾತು ನಿಂತಿತ್ತು. ಅಪ್ಪ ಕೊಟ್ಟೂರಿಗೆ ಹೋಗಿ ಬಂದ. ಚೀಲದಲ್ಲಿ ಟೀ ಇರಲಿಲ್ಲ.

“ಎಲ್ಬೋ ಸಾಕು,” ಎಂದ.

“ಹಾಕ್ತೀನ್ರಿ. ಆದ್ರ ನೀರು ನಿಮ್ಮ ಬಾಗಿಲಿಗಷ್ಟ ತಿರುಗಿದ್ದು ಓಣಿಗೆಲ್ಲ ಕಾಣ್ತೈತಿ ನೋಡ್ರಿ,” ಎಂದ ಮಿಸ್ತ್ರಿ.

“ಕಾಣ್ಲಿ ಬಿಡು.”

ಮಿಸ್ತ್ರಿ ನೀರು ಸೋರದಂತೆ ಪೈಪಿನ ಮರೆಗೆ ನಾರು ಸುತ್ತಿ, ಬಿಳಿ ಬಣ್ಣ ಬಳಿದು ಬಿಗಿದ; ಕಟ್ಟೆಯೊಳಗೆ ಪೈಪಿನ ಬುಡ ಹುಗಿದು ಸಿಮೆಂಟು ಮೆತ್ತಿದ. ಅದು ಒಣಗಿದ ಮೇಲೆ ಒಂದು ಸಂಜೆ ನೀರು ಬಿಟ್ಟರು. ಅವ್ವ ನಳಕ್ಕೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದಳು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿನೀರು. ಇನ್ನೂ ನಳ ಹಾಕಿಸದ ಹೆಂಗಸರು ಕೊಡ ತಂದು ಪಾಳಿ ಹಚ್ಚಿದರು. ಅಪ್ಪ ಹಿಗ್ಗಿನಿಂದ ತಾನೇ ನಿಂತು ತುಂಬಿಸುತ್ತಿದ್ದ.

ಆ ಪಾಳಿಯ ಕೊನೆಗೆ ತಾಮ್ರದ ಕೊಡ ಹಿಡಿದು ಅಜ್ಜಿ ಬಂದು ನಿಂತಳು.

ಅವಳ ಮುಂದಿದ್ದ ಹೆಂಗಸು ಗಾಬರಿಯಾಗಿ ಸರಿದಳು. “ಯಾಕಬೇ ಯಮ್ಮಾ, ಮಗನ ನಳಕ್ಕ ನೀ ಪಾಳಿ ನಿಂದರ್ತಿಯೇನು?”

“ನಳ ಅವಂದು. ಪಾಳಿ ನಂದು. ನೀ ತುಂಬ್ಕೊ,” ಎಂದಳು ಅಜ್ಜಿ.

ಎಲ್ಲರ ಕಣ್ಣು ಗೋಡೆಗೆ ಹೋಯಿತು. ಎಲ್ಬೋ ನಮ್ಮ ಬಾಗಿಲ ಕಡೆಗೇ ಬಾಗಿತ್ತು. ಬೆಳಿಗ್ಗೆಯಿಂದ ಓಣಿಯ ಹುಡುಗರಿಗೆ ಅದರ ಹೆಸರು ಹೇಳಿ ಮೆರೆದಿದ್ದ ನನ್ನ ಕಿವಿ ಬಿಸಿಯಾದವು. “ಅವ್ವಾ, ಮುಂದ ಬಾ,” ಎಂದು ಅಪ್ಪ ಕರೆದ. ಅಜ್ಜಿ ಕದಲಲಿಲ್ಲ, ತನ್ನ ಪಾಳಿ ಬಂದಾಗಲೇ ಕೊಡ ಇಟ್ಟಳು. ತುಂಬಿದ ಕೊಡವನ್ನು ಅಪ್ಪ ಹೆಗಲಿಗೇರಿಸಿ, ತಲೆ ತಗ್ಗಿಸಿ, ದೊಡ್ಡಪ್ಪನ ಹೊಸ್ತಿಲಲ್ಲಿ ಇಳಿಸಿ ಬಂದ.

ಬೆಳಗಾಗುತ್ತಲೇ ಅಪ್ಪ ಕೊಟ್ಟೂರಿಗೆ ಹೋಗಿ ಟೀ ತಂದ, ಮಿಸ್ತ್ರಿಯನ್ನೂ ಕರೆತಂದ.

“ಸಿಮೆಂಟು ಹಿಡದೈತ್ರಿ, ಪೈಪು ತಿರುಗಂಗಿಲ್ಲ. ಟೀ ಕೂಡಿಸ್ಬೇಕಂದ್ರ ಕೊಯ್ದು ಯೂನಿಯನ್ ಹಾಕ್ಬೇಕು,” ಎಂದ ಮಿಸ್ತ್ರಿ. ಪೈಪನ್ನು ತಿರುಗಿಸದೆಯೇ ಕೂಡಿಸುವ ದಪ್ಪ ಗಂಟು ಅದು. ಗರಗಸದ ಸದ್ದಿಗೆ ಓಣಿಯೆಲ್ಲ ಬಾಗಿಲಿಗೆ ಬಂತು. ಅಪ್ಪ ಗೋಡೆಯ ಕಡೆ ಮುಖ ಮಾಡಿ, ಪೈಪು ಹಿಡಿದುಕೊಂಡು ನಿಂತಿದ್ದ.

ನಿಮ್ಮ ಮನೆಯ ಪೈಪುಗಳೆಲ್ಲ ಟೈಲ್ಸಿನ ಹಿಂದಿವೆ. ಪ್ಲಾಸ್ಟಿಕ್ಕಿನವು, ಅಂಟು ಹಚ್ಚಿದರೆ ಕೂಡಿಕೊಳ್ಳುತ್ತವೆ. ಎಲ್ಲಿ ಎಲ್ಬೋ, ಎಲ್ಲಿ ಟೀ ಎಂದು ದಾರಿಹೋಕರಿಗೆ ತಿಳಿಯದು. ಹಳೆಯ ಮನೆಗೆ ಬಂದಾಗಲೆಲ್ಲ ನೀವು ಗೋಡೆಯ ಮೇಲಿನ ಆ ತುಕ್ಕು ಹಿಡಿದ ಗಂಟನ್ನು ಮುಟ್ಟಿ, “ಇದೇನಜ್ಜ?” ಎನ್ನುತ್ತೀರಿ. “ಯೂನಿಯನ್” ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದೆ. ಅದು ಅಲ್ಲಿಗೆ ಯಾಕೆ ಬಂತು ಎಂದು ಇವತ್ತಿನ ತನಕ ನೀವು ಕೇಳಿರಲಿಲ್ಲ.