ಬಾಯಿಗೆ ಬಾರದ ಸೂರ್ಯ

ಖೋಸಾ ಭಾಷೆಯಲ್ಲಿ ಝೊಲೇಕಾ ಎಂದರೆ ಶಾಂತೆ. ಹೆಸರಿಟ್ಟವರು ಅವಳನ್ನು ತೊಟ್ಟಿಲಲ್ಲಿ, ಅದೂ ನಿದ್ದೆಯಲ್ಲಿದ್ದಾಗ ನೋಡಿರಬೇಕು. ಎಚ್ಚರವಿದ್ದಾಗ ಅವಳು ಒಂದು ಕಡೆ ನಿಂತದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಒಂದು ಸೀಮೆಸುಣ್ಣ ಕೈಯಲ್ಲಿ, ಇನ್ನೊಂದು ತಲೆವಸ್ತ್ರದ ಗಂಟಿನಲ್ಲಿ. ಆದರೂ ಮೇಜಿನ ಕೆಳಗೆ ಬಗ್ಗಿ ಸೀಮೆಸುಣ್ಣ ಹುಡುಕುತ್ತಿರುತ್ತಾಳೆ. ಲಿಬೋಡೆ ಪೇಟೆಯ ಆಚೆ, ಗುಡ್ಡದ ಮೇಲಿನ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುವವಳು ಇವಳೇ.

ಮದುವೆಗೆ ಮುಂಚೆ ಅವಳ ಪಾಠ ಅಷ್ಟಕ್ಕಷ್ಟೇ. ಸೂರ್ಯ ಒಂದು ನಕ್ಷತ್ರ ಎಂದು ಇಂಗ್ಲಿಷಿನಲ್ಲಿ ಒಮ್ಮೆ, ಖೋಸಾದಲ್ಲಿ ಒಮ್ಮೆ ಹೇಳುವಳು. ಮಕ್ಕಳು ರಾಗವಾಗಿ ಒಪ್ಪಿಸಿ, ಕಿಟಕಿಯಾಚೆ ನೋಡುತ್ತ ಕೂರುವರು. ಆಮೇಲೆ ಅದೇ ಊರಿನ ಲಾಂಗಾ ಮುದುಕನ ಎರಡನೇ ಮಗನನ್ನು ಕಟ್ಟಿಕೊಂಡಳು. ಗಂಡ ರುಸ್ಟೆನ್‌ಬರ್ಗಿನ ಗಣಿಗೆ ಹೊರಟುಹೋದ, ಇವಳು ಮಾವನ ಮನೆಯಲ್ಲಿ ಉಳಿದಳು. ಹೊಸ ಸೊಸೆಯನ್ನು ಅಲ್ಲಿ ಮಕೋಟಿ ಎನ್ನುತ್ತಾರೆ. ಮಕೋಟಿ ಹೆಗಲ ಮೇಲಿನ ಶಾಲು ತೆಗೆಯಬಾರದು, ದನದ ದೊಡ್ಡಿಯ ಮುಂದೆ ಹಾಯಬಾರದು, ಮಾವನ ಹೆಸರೆತ್ತಬಾರದು. ಹೆಸರಷ್ಟೇ ಅಲ್ಲ, ಆ ಹೆಸರು ಅಡಗಿ ಕೂತಿರುವ ಯಾವ ಮಾತನ್ನೂ ಆಡಬಾರದು. ಮಾವ ಲಾಂಗಾ. ಖೋಸಾದಲ್ಲಿ ಸೂರ್ಯನಿಗೆ ಇಲಾಂಗಾ. ಇಷ್ಟಾದ ಮೇಲೆ ಪಾಠ ಮಾಡು ಎಂದರೆ ಹೇಗೆ ಮಾಡಬೇಕು?

ಇಂಗ್ಲಿಷ್ ಪದ ಇತ್ತು, ನಿಜ. ಅದು ಪರೀಕ್ಷೆಗೆ ಬೇಕಾದ ಪದ, ಅದನ್ನು ಕೇಳಿ ಯಾವ ಮಗುವೂ ಕತ್ತೆತ್ತುತ್ತಿರಲಿಲ್ಲ. ಝೊಲೇಕಾ ಚಡಪಡಿಸಿದಳು. ಒಂದು ದಿನ ಕೈ ಬೀಸಿ, "ಅವ್ರು ಕಣ್ರೋ, ಬೆಟ್ಟದ ಹಿಂದಿಂದ ಬರ್ತಾರಲ್ಲ, ಅವ್ರು!" ಎಂದಳು.

"ಯಾರು ಮಿಸ್? ಪೊಲೀಸರಾ?"

ತರಗತಿಯೆಲ್ಲ ನಕ್ಕಿತು. ನಗುತ್ತಿದ್ದವರನ್ನು ಹಾಗೆಯೇ ಅಂಗಳಕ್ಕೆ ಎಳೆದುಕೊಂಡು ಹೋಗಿ, ಒಂದು ಕೋಲು ನೆಟ್ಟು, "ಈ ನೆರಳನ್ನ ಎಳ್ಕೊಂಡು ಹೋಗ್ತಿರೋರು ಯಾರು, ನೀವೇ ಹೇಳಿ" ಎಂದಳು. ಅವತ್ತಿನಿಂದ ಪಾಠದ ಬಣ್ಣವೇ ಬೇರೆಯಾಯಿತು. ಹೆಸರು ಹೇಳಲಾಗದ್ದನ್ನು ತೋರಿಸಬೇಕಲ್ಲ, ಕುಣಿದು ತೋರಿಸಿದಳು. ಮಕ್ಕಳು ದಿನಕ್ಕೊಂದು ಹೊಸ ಹೆಸರು ಕಟ್ಟಿಕೊಂಡು ಬಂದರು. ನೆರಳಿನ ತುದಿಗೆ ಕಲ್ಲಿಡುತ್ತ ಕೂತು ಮನೆಯ ದನಗಳನ್ನು ಮರೆತರು, ತಾಯಂದಿರು ಬೈದರು.

ಎಲ್ಲರಿಗಿಂತ ಹುಚ್ಚು ಹಿಡಿದದ್ದು ಲಿಂಡೆಲ್ವಾಗೆ. ಅವಳು ಗಂಡನ ಅಣ್ಣನ ಮಗಳು, ಅದೇ ಮನೆಯಲ್ಲಿ ಬೆಳೆಯುತ್ತಿದ್ದವಳು. ಶಾಲೆಯಲ್ಲಿ ಮಿಸ್ ಎನ್ನುತ್ತಾಳೆ, ಮನೆಯಲ್ಲಿ ಚಿಕ್ಕಮ್ಮ. ಅವಳ ಬಾಯಿಗೆ ಮಾತ್ರ ಬಾಗಿಲಿಲ್ಲ. ಅತ್ತೆ ಮೊದಲೇ ಹೇಳಿಬಿಟ್ಟಿದ್ದರು: "ನೋಡು ಮಕೋಟಿ, ಆ ಶಾಲೆಯಿಂದ ಒಂದೇ ಒಂದು ದೂರು ಬರ್ಲಿ, ಆಮೇಲೆ ನೀನು, ಈ ಒಲೆ, ಅಷ್ಟೇ."

ಅವತ್ತು ಅಂಗಳದಲ್ಲಿ ಲಿಂಡೆಲ್ವಾ ಕೇಳಿದಳು. "ಮಿಸ್, ಅವ್ರ ಬೆಂಕಿಗೆ ಸೌದೆ ಹಾಕೋರು ಯಾರು?"

ಇಂಥ ಪ್ರಶ್ನೆಗಾಗಿಯೇ ಝೊಲೇಕಾ ಬದುಕಿದ್ದಳು. ಮೈಮೇಲೆ ಬಂದವರ ಹಾಗೆ ಕೂಗಿದಳು. "ಸೌದೆನೇ ಇಲ್ಲ ಕಣೇ! ತನ್ನನ್ನ ತಾನೇ ಉರಿಸ್ಕೊಳ್ಳುತ್ತೆ! ಇಲಾಂಗಾ ತನ್ನ ಮೈಯನ್ನೇ ತಿಂತಾ ತಿಂತಾ ಒಂದಿನ ಆರಿಹೋಗುತ್ತೆ!"

ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ನಾಲಿಗೆ ಜಾರಿತ್ತು.

ಮುಂದೆ ಏನು ಪಾಠ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಗಂಟೆ ಬಾರಿಸಿದ್ದೇ ಹೊರಟಳು, ಅರ್ಧ ದಾರಿಗೆ ಹೋಗಿ ಚೀಲ ತರಲು ವಾಪಸು ಬಂದಳು. ಲಿಂಡೆಲ್ವಾ ಮುಂದೆ ಓಡುತ್ತಿದ್ದಳು. ಕೂಗಿ ನಿಲ್ಲಿಸಲೇ? ಹೇಳಬೇಡ ಎಂದು ಮಗುವಿಗೆ ಹೇಳುವುದಾದರೂ ಹೇಗೆ? ದೊಡ್ಡಿಯ ಮುಂದೆ ಹಾಯುವಂತಿಲ್ಲ, ಮನೆಗಳ ಹಿಂದೆ ಸುತ್ತಿಕೊಂಡು ಬರುವಷ್ಟರಲ್ಲಿ ಹುಡುಗಿ ಅಜ್ಜನ ಮುಂದೆ ನಿಂತಾಗಿತ್ತು.

"ಅಜ್ಜಾ! ಇವತ್ತು ಮಿಸ್ ಏನಂದ್ರು ಗೊತ್ತಾ?"

ಝೊಲೇಕಾ ಅಲ್ಲೇ ಮೊಣಕಾಲೂರಿದಳು. "ನಾನೇ ಹೇಳ್ತೀನಿ ಮಾವಾ. ಬೇಕಂತ ಅಲ್ಲ. ಪಾಠದ ಭರದಲ್ಲಿ ನಿಮ್ಮ ಹೆಸರು ಬಾಯಿಗೆ ಬಂದ್ಬಿಡ್ತು. ತಪ್ಪಾಯ್ತು."

ಕಾಳು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮಾವ ಬಾಯಿಂದ ಪೈಪು ತೆಗೆದ. ಲಿಂಡೆಲ್ವಾ ಬೆಪ್ಪಾಗಿ ನೋಡಿದಳು.

"ಯಾವಾಗ ಅಂದ್ರಿ ಚಿಕ್ಕಮ್ಮ? ನಂಗೆ ಕೇಳಿಸ್ಲೇ ಇಲ್ಲ. ನಾನು ಸೌದೆ ವಿಷಯ ಹೇಳೋಕೆ ಓಡ್ಬಂದೆ!"

ಝೊಲೇಕಾಗೆ ಅಳು ಬಂತು, ನಗುವೂ ಬಂತು. ಆದರೆ ಆಡಿದ ಮಾತನ್ನು ನುಂಗುವಂತಿಲ್ಲ. "ತವರಿಗೆ ಹೋಗು. ದಂಡಕ್ಕೆ ಮೇಕೆ ತಗೊಂಡು ಬಾ. ಶಾಲೆ ಮಾತು ಆಮೇಲೆ" ಎಂದರು ಅತ್ತೆ. ಮಾವ ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡ.

ತವರೂರಾದ ತ್ಸೋಲೋದಲ್ಲಿ ಅವಳ ಅಪ್ಪ ತಲೆ ಚಚ್ಚಿಕೊಂಡ. "ಓದಿಸಿದ್ದೂ ನಾನೇ, ಓದಿದ್ದಕ್ಕೆ ದಂಡ ಕಟ್ಟೋನೂ ನಾನೇ!" ಬೈಯುತ್ತಲೇ ಒಂದು ಒಳ್ಳೆಯ ಮೇಕೆಯನ್ನು ಬಿಚ್ಚಿಕೊಟ್ಟ. ಬಾಡಿಗೆ ವ್ಯಾನಿನಲ್ಲಿ ಮೇಕೆಯೇ ಸುಮ್ಮನೆ ಕೂತಿತ್ತು, ಅವಳು ಕೂರಲಿಲ್ಲ. ನೆರಳಿಗೆ ಯಾರು ಕಲ್ಲಿಡುತ್ತಿದ್ದಾರೆ? ನನ್ನ ಜಾಗಕ್ಕೆ ಯಾರನ್ನಾದರೂ ತಂದು ಕೂರಿಸಿ, ಮಕ್ಕಳು ಮತ್ತೆ ಒಪ್ಪಿಸಲು ಶುರುಮಾಡಿದ್ದಾರೋ ಏನೋ? ಅತ್ತೆ ಶಾಲೆ ಬಿಡಿಸಿದರೆ ಬದುಕುವುದು ಹೇಗೆ?

ವ್ಯಾನು ಇಳಿದು ಬರುವ ದಾರಿಯಲ್ಲೇ ಶಾಲೆ. ಅಂಗಳದಲ್ಲಿ, ನೆಟ್ಟ ಕೋಲಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾವ ಕೂತಿದ್ದ. ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಝೊಲೇಕಾ ಶಾಲು ಸರಿಮಾಡಿಕೊಂಡು ತಲೆ ತಗ್ಗಿಸಿದಳು.

"ಬಂದ್ಯಾ ಮಕೋಟಿ? ನಿನ್ನ ಈ ಮಕ್ಕಳು ನನ್ನ ಜೀವ ತಿಂತಾವೆ. ನಾನು ಯಾವತ್ತು ಆರಿಹೋಗ್ತೀನಂತ ಕೇಳ್ತಾವೆ! ಈ ಮೊಮ್ಮಗಳಂತೂ ಊಟಕ್ಕೂ ಬಿಡ್ಲಿಲ್ಲ, ಎಳ್ಕೊಂಡು ಬಂದ್ಳು."

ಮುದುಕ ಕೆಮ್ಮಿ, ದನಿ ತಗ್ಗಿಸಿದ. "ನೋಡು, ಈ ಬೇಲಿ ಒಳಗೆ ಆ ಹೆಸರು ಆಕಾಶದಲ್ಲಿರೋನ್ದು. ಬೇಲಿ ದಾಟಿದ್ರೆ ನಂದು. ನಿನ್ನತ್ತೆಗೆ ನಾನು ಹೇಳ್ಕೋತೀನಿ. ಇಲ್ಲಿ ಧಾರಾಳವಾಗಿ ಅನ್ನು. ಸೌದೆ ಇಲ್ದೆ ಉರಿಯೋದು ಹೇಗೆ, ಮೊದಲು ಅದನ್ನ ಹೇಳು. ನಂಗೂ ನಿದ್ದೆ ಬಂದಿಲ್ಲ."

ಶಾಲೆ ಉಳಿಯಿತು. ಝೊಲೇಕಾ ಮೇಕೆಯ ಹಗ್ಗ ಹಿಡಿದುಕೊಂಡೇ ಮಕ್ಕಳ ಕಡೆ ತಿರುಗಿ ಬಾಯಿ ತೆರೆದಳು. ಅಪ್ಪಣೆ ಇತ್ತು, ಪದ ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟರೆ ಮಕ್ಕಳು ಮತ್ತೆ ರಾಗ ಎಳೆದು, ಕಿಟಕಿಯಾಚೆ ನೋಡುತ್ತ ಕೂತುಬಿಟ್ಟರೆ? ಆ ದಿಗಿಲಿಗೆ ಅವಳು ಪದವನ್ನು ನುಂಗಿಕೊಂಡು, ಕೈ ಬೀಸಿದಳು.

"ಅವ್ರು ಕಣ್ರೋ, ಬೆಟ್ಟದ ಹಿಂದಿಂದ ಬರ್ತಾರಲ್ಲ…"

ಮಕ್ಕಳೆಲ್ಲ ಕತ್ತೆತ್ತಿದರು. ಲಾಂಗಾ ಮುದುಕನೂ ಎತ್ತಿದ.