ವ್ಯಾಸಪೀಠದ ಮೇಲೆ ರಾಕ್ ಗಾಯಕ

ಬೆಳಗೋಡಿನಲ್ಲಿ ಮೋಟರ್ ರಿಪೇರಿ ಮಾಡುವ ವೀರಭದ್ರಯ್ಯನವರು ಅಭಿಮಾನಿಗಳಲ್ಲೇ ಮಡಿವಂತರು. ಡೆನ್ನಿ ಹಾರ್ಲೊ ಎಂಬ ಇಂಗ್ಲಿಷ್ ರಾಕ್ ಗಾಯಕನ ಆತ್ಮಕಥೆ ಕೈಗೆ ಬಂದಾಗಿನಿಂದ ಅವರು ಸ್ನಾನ ಮಾಡಿ, ವಿಭೂತಿ ಧರಿಸಿ, ಅಪ್ಪ ಪುರಾಣ ಓದುತ್ತಿದ್ದ ವ್ಯಾಸಪೀಠದ ಮೇಲೆ ಅದನ್ನಿಟ್ಟು ದಿನಕ್ಕೊಂದು ಅಧ್ಯಾಯ ಓದುತ್ತಾರೆ, ಹೆಂಡತಿ ಪಂಕಜಾಕ್ಷಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಕೊನೆಗೆ ಪುಸ್ತಕಕ್ಕೆ ಕರ್ಪೂರ ಬೆಳಗುತ್ತಾರೆ. ಗಾಯಕ ಹೋಟೆಲಿನ ಟಿವಿಯನ್ನು ಕಿಟಕಿಯಿಂದ ಎಸೆದರೆ ಅದು ಲೀಲೆ, ಜೈಲಿಗೆ ಹೋದರೆ ವನವಾಸ. ಪಕ್ಕದ ಮನೆಯ ರಂಗಸ್ವಾಮಿ ಬೇಲಿಯಾಚೆಯಿಂದ, "ಏನ್ ಮಾರಾಯ, ನಿಮ್ ಸ್ವಾಮಿ ಇವತ್ತು ಎಷ್ಟನೇ ಹೆಂಡ್ತೀನ ಬುಟ್ಟ?" ಎಂದು ಕೇಳಿದರೆ, "ಮೂರನೇವ್ಳನ್ನ ಕಣೋ. ಓದೋ ಹೊತ್ನಲ್ಲಿ ನಗ್ಬ್ಯಾಡ" ಎಂದು ಗಂಭೀರವಾಗಿ ಉತ್ತರಿಸುತ್ತಾರೆ. ಅವರು ಕಾಯುತ್ತಿದ್ದುದು ಒಂದೇ ಹಾಡಿನ ಕಥೆಗೆ. ಮೊದಲ ಮಗು ತೀರಿಕೊಂಡ ವರ್ಷ ಗಂಡಹೆಂಡತಿ ಮಾತು ಬಿಟ್ಟು ಕೂತಿದ್ದಾಗ ಆ ಮನೆಯಲ್ಲಿ ಕೇಳಿಸುತ್ತಿದ್ದುದು ಆ ಹಾಡಿನ ಕ್ಯಾಸೆಟ್ ಮಾತ್ರ. ತಮ್ಮ ದುಃಖ ಆ ಗಾಯಕನಿಗೆ ಹೇಗೆ ತಿಳಿಯಿತೆಂದು ಅವರಿಗೆ ಗೊತ್ತಾಗಬೇಕಿತ್ತು. ಮೊನ್ನೆ ಸೋಮವಾರ ಆ ಪುಟ ಬಂತು. "ಆ ವರ್ಷವೆಲ್ಲ ಕುಡಿತದಲ್ಲಿ ಮುಳುಗಿದ್ದೆ, ಆ ಹಾಡು ಹಾಡಿದ್ದೇ ನನಗೆ ನೆನಪಿಲ್ಲ" ಎಂದು ಗಾಯಕ ಬರೆದುಕೊಂಡಿದ್ದ. ಅರ್ಥ ಹೇಳಿದ ವೀರಭದ್ರಯ್ಯನವರು ಕರ್ಪೂರ ಹಚ್ಚದೆ ಪುಸ್ತಕ ಮುಚ್ಚಿದರು. ಪಂಕಜಾಕ್ಷಿ, "ನಮ್ಗೆ ಆಸರೆ ಆದಾಗ ಆ ಮನುಷ್ಯಂಗೇ ಆಸರೆ ಇರ್ಲಿಲ್ವಲ್ರೀ, ಪಾಪ" ಎಂದು ಬೆಂಕಿಪೊಟ್ಟಣ ತಂದುಕೊಟ್ಟರು. ಇಷ್ಟು ದಿನ ಪುಸ್ತಕಕ್ಕೆ ಬೆಳಗುತ್ತಿದ್ದ ಕರ್ಪೂರವನ್ನು ವೀರಭದ್ರಯ್ಯನವರು ಅಂದು ದೇವರ ಗೂಡಿನ ಕಡೆ ಹಿಡಿದು, ಗಾಯಕನ ಹೆಸರು ಹೇಳಿ, ಕಾಪಾಡಪ್ಪಾ ಎಂದು ಬೇಡಿಕೊಂಡರು.